ಕಲ್ಪಿತವು ಅನೃತವಾಗುವದು ಯಾವಾಗ?

ನಾಟಕದ ರಂಗದ ಮೇಲೆ ಬಣ್ಣ ಹಚ್ಚಿಕೊಂಡು ನಿಂತವನು ‘ನಾನು ಶ್ರೀರಾಮನು’ ಎಂದು ನುಡಿದರೆ ಅವನನ್ನು ಸುಳ್ಳುಗಾರನೆಂದು ಯಾರೂ ಜರಿಯುವದಿಲ್ಲ. ಅದೇ ಮನುಷ್ಯನು ಮರುದಿವಸ ಗೋಕಾಕದ ಸಂತೆಯಲ್ಲಿ ನಿಂತು ‘ನಾನು ಕಂದಾಯದ ಅಧಿಕಾರಿಯು’ ಎಂದು ಹೇಳಿ ಒಬ್ಬ ರೈತನಿಂದ ನೂರು ರೂಪಾಯಿ ತೆಗೆದುಕೊಂಡರೆ ಅವನು ವಂಚಕನೆನಿಸುವನು. ಎರಡೂ ಕಡೆಯಲ್ಲಿ ಆಡಿದ ಮಾತು ವಸ್ತುಸ್ಥಿತಿಗೆ ವಿರುದ್ಧವಾದುದೇ. ಹೀಗಿದ್ದು ಒಂದು ಕಲೆಯೆನಿಸಿ ಇನ್ನೊಂದು ಅಪರಾಧವೆನಿಸುವದು ಯಾತರಿಂದ? ‘ಒಂದರಲ್ಲಿ ಪರರ ಹಣದ ಆಸೆಯುಂಟು, ಇನ್ನೊಂದರಲ್ಲಿ ಅದಿಲ್ಲ’ ಎಂದು ಥಟ್ಟನೆ ಉತ್ತರ ಕೊಡಬಹುದು. ಆದರೆ ಕೇಳುವವರ ಹಣವನ್ನು ಕಿತ್ತುಕೊಳ್ಳುವ ಉದ್ದೇಶವು ಲೇಶವೂ ಇಲ್ಲದೆ, ಕೇವಲ ಮನರಂಜನೆಗಾಗಿ ಆಡಿದ ನಾಟಕವೊಂದು ಜನರನ್ನು ನಡುಗಿಸಿದ್ದುಂಟು. ಒಂದು ಊರಲ್ಲಂತೂ ಅದೇ ನಾಟಕದ ಮೂಲಕ ಮನುಷ್ಯರ ಪ್ರಾಣಗಳೇ ಹೋದವು. ಆದುದರಿಂದ ಪ್ರಶ್ನೆಯು ತೋರುವಷ್ಟು ಸುಲಭವಾದುದಲ್ಲ. ಕಲ್ಪಿತವು ಅನೃತವಾಗುವದು ಯಾವಾಗ ಎಂಬುದನ್ನು ಆ ನಾಟಕವನ್ನೇ ಉದಾಹರಣೆಯಾಗಿಟ್ಟುಕೊಂಡು ವಿಚಾರಿಸುವದು ಈ ಲೇಖನದ ಉದ್ದೇಶವು.

ಆ ನಾಟಕವು ಕಣ್ಣಿಗೆ ಕಾಣುವಂಥದಲ್ಲ, ಕಿವಿಗೆ ಮಾತ್ರ ಕೇಳಿಸುವಂಥದು. ಅಮೇರಿಕೆಯ ಸಿ.ಬಿ.ಎಸ್. ಎಂಬ ರೇಡಿಯೊ ಸಂಸ್ಥೆಯಿಂದ 1938ರಲ್ಲಿ ‘ಮರ್ಕ್ಯುರಿ ಥಿಯೇಟರ್ ಆನ್ ದಿ ಏರ್’ ಎಂಬ ನಾಟಕಮಾಲೆಯು ವಾರಕ್ಕೊಂದು ತಾಸಿನಂತೆ ಪ್ರಸಾರವಾಗುತ್ತಿತ್ತು. ಅದರ ಸೂತ್ರಧಾರನಾದ ಆರ್ಸನ್ ವೆಲ್ಸನಿಗೆ ಆಗ ಕೇವಲ 23 ವರ್ಷ. ಆ ಮಾಲೆಯ ಹದಿನೇಳನೆಯ ನಾಟಕವು ಅಕ್ಟೋಬರ 30ನೆಯ ತಾರೀಖು ರವಿವಾರ ರಾತ್ರಿ ಎಂಟು ಗಂಟೆಗೆ ಆರಂಭವಾಯಿತು. ಮಂಗಳಗ್ರಹದವರು ಭೂಮಿಯ ಮೇಲೆ ದಂಡೆತ್ತಿ ಬರುವ ಕಥೆಯದು, ಎಚ್. ಜಿ. ವೆಲ್ಸ್ ಎಂಬ ಇಂಗ್ಲೀಷ ಗ್ರಂಥಕಾರನು 1898ರಲ್ಲಿ ಪ್ರಕಟಿಸಿದ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಎಂಬ ಕಾದಂಬರಿಯಿಂದ ಅದನ್ನು ಎತ್ತಿಕೊಂಡಿದ್ದರು. ಗ್ರಂಥಕಾರನೂ ನಟನೂ ಹೆಸರಿನಿಂದ ಒಂದೇ ಮನೆತನದವರಂತೆ ಕಂಡರೂ ಅವರಿಬ್ಬರು ಬಂಧುಗಳಲ್ಲ.

ಮೂಲಕಥೆಯು ಇಂಗ್ಲಂಡದಲ್ಲಿ ನಡೆಯುವದು. ರೇಡಿಯೊ ರೂಪವನ್ನು ಬರೆದ ಹಾವರ್ಡ್ ಕೋಕನು ಅದನ್ನು ಅಮೇರಿಕೆಗೆ ತಂದು, ನ್ಯೂ ಜರ್ಸಿ ಪ್ರಾಂತದ ಗ್ರೋವರ್ಸ್ ಮಿಲ್ ಎಂಬ ನಿಜವಾದ ಹಳ್ಳಿಯಲ್ಲಿ ಮಂಗಳನವರನ್ನು ಇಳಿಸಿದನು. ಅದಕ್ಕಿಂತಲೂ ಹೆಚ್ಚಿನ ಬದಲಾವಣೆಯೆಂದರೆ ಕಥೆಯನ್ನು ಹೇಳುವ ರೀತಿಯದು. ಮೊದಲು ಹೋಟೆಲೊಂದರಿಂದ ವಾದ್ಯಸಂಗೀತವು ಕೇಳಿಬರುವದು. ನಡುವೆ ಸಂಗೀತವನ್ನು ನಿಲ್ಲಿಸಿ ಒಬ್ಬನು ಸುದ್ದಿ ಹೇಳುವನು: ಮಂಗಳಗ್ರಹದಲ್ಲಿ ಸ್ಫೋಟಗಳು ಕಂಡುಬಂದಿವೆ. ಮತ್ತೆ ಸಂಗೀತ. ಮತ್ತೆ ಸುದ್ದಿ: ಆಕಾಶದಿಂದ ಉರಿಯುವ ವಸ್ತುವೊಂದು ಹೊಲದಲ್ಲಿ ಬಿದ್ದಿದೆ. ಸುದ್ದಿಗಾರನು ಅಲ್ಲಿಗೆ ಓಡುವನು. ಕಂಡದ್ದನ್ನು ಏದುಸಿರಿನಿಂದ ವರ್ಣಿಸುವನು. ಜನರ ಚೀರಾಟವು ಕೇಳಿಸುವದು. ಒಮ್ಮೆಲೇ ಅವನ ಧ್ವನಿಯು ಕಡಿದುಹೋಗುವದು. ಆಮೇಲೆ ನಿಶ್ಶಬ್ದ. 1937ರ ಮೇ ತಿಂಗಳಲ್ಲಿ ಹಿಂಡೆನ್‌ಬರ್ಗ್ ಎಂಬ ವಾಯುನೌಕೆಯು ಹೊತ್ತಿ ಉರಿದಾಗ ಅಲ್ಲಿದ್ದ ನಿಜವಾದ ಸುದ್ದಿಗಾರನೊಬ್ಬನು ಗದ್ಗದಿತನಾಗಿ ಮಾತಾಡಿದ್ದನು. ಈ ಪಾತ್ರವನ್ನು ವಹಿಸಿದ ನಟನು ಆ ಮುದ್ರಿಕೆಯನ್ನು ಮತ್ತೆ ಮತ್ತೆ ಕೇಳಿ ಆ ಧ್ವನಿಯನ್ನು ರೂಢಿಸಿಕೊಂಡಿದ್ದನು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಯಾಕೆಂದರೆ ನಮ್ಮ ಪ್ರಶ್ನೆಯ ಬೇರು ಇಲ್ಲಿಯೇ ಇದೆ.

ನಮ್ಮ ಕನ್ನಡನಾಡಿನಲ್ಲಿ ರೇಡಿಯೊಕ್ಕೆ ಬಿದ್ದ ಹೆಸರನ್ನು ಇಲ್ಲಿ ಸ್ಮರಿಸುವದು ಯೋಗ್ಯವು. ಮೈಸೂರಿನಲ್ಲಿ ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಸ್ಥಾಪಿಸಿದ ಬಾನುಲಿ ಕೇಂದ್ರವು ‘ಆಕಾಶವಾಣಿ’ ಎಂಬ ಹೆಸರನ್ನು ಹೊತ್ತಿತು. ಮುಂದೆ ಅದೇ ಹೆಸರು ಇಡೀ ದೇಶದ ಬಾನುಲಿಗೆ ಸಂದಿತು. ನಮ್ಮ ಸೀಮೆಯ ಧಾರವಾಡ ಕೇಂದ್ರವು 1950ರ ಜನವರಿಯಲ್ಲಿ ಆರಂಭವಾಯಿತು. ಪುರಾಣಗಳಲ್ಲಿ ಆಕಾಶವಾಣಿಯೆಂದರೆ ಅಶರೀರವಾದ ವಾಣಿಯು. ದೇವಕಿಯ ಎಂಟನೆಯ ಗರ್ಭದಿಂದ ನಿನಗೆ ಮೃತ್ಯುವೆಂದು ಕಂಸನಿಗೆ ಎಚ್ಚರಿಕೆ ಕೊಟ್ಟದ್ದು ಅದೇ. ಆ ವಾಣಿಗೆ ಮುಖವಿಲ್ಲ, ಆದರೆ ಅದು ಎಂದೂ ಸುಳ್ಳಾಗುವದಿಲ್ಲ. ಅದನ್ನು ಕೇಳಿದ ಕಂಸನು ಕೂಡ ದುಷ್ಟನಾದನೇ ಹೊರತು, ಇದು ನಿಜವೋ ಸುಳ್ಳೋ ಎಂದು ಸಂಶಯಪಡಲಿಲ್ಲ. ನಾನು ಬಾಲಕನಾಗಿದ್ದಾಗ ಮೇಲವಂಕಿಯ ನಮ್ಮ ಓಣಿಯಲ್ಲಿ ಒಂದೇ ರೇಡಿಯೊ ಇತ್ತು. ಧಾರವಾಡದಿಂದ ವಾರ್ತೆಗಳು ಆರಂಭವಾದೊಡನೆ ಹಿರಿಯರು ಎಲೆಯಡಿಕೆ ಅಗಿಯುವದನ್ನು ಸಹ ನಿಲ್ಲಿಸಿ ಕೇಳುತ್ತಿದ್ದರು. ‘ರೇಡಿಯೊದಾಗ ಬಂದೈತಿ’ ಎಂದರೆ ವಾದವು ಅಲ್ಲಿಗೆ ಮುಗಿಯಿತು. ಇಂಥ ವಿಶ್ವಾಸವನ್ನು ಸಂಪಾದಿಸಿದ ಧ್ವನಿಯಲ್ಲಿ ಮಂಗಳನವರು ಬಂದಿಳಿದರೆ ಕೇಳಿದವನು ಏನು ಮಾಡಬೇಕು?

ನಮ್ಮ ಸೀಮೆಯ ಪಾರಿಜಾತದ ಆಟದಲ್ಲಿ ಈ ತೊಡಕು ಎಂದೂ ಹುಟ್ಟಲಿಲ್ಲ. ‘ಶ್ರೀಕೃಷ್ಣ ಪಾರಿಜಾತ’ವನ್ನು ಕಟ್ಟಿ ಹೆಸರುವಾಸಿಯಾದ ಕುಲಗೋಡ ತಮ್ಮಣ್ಣನವರು ನಮ್ಮ ನೆರೆಯವರೇ, ಅದನ್ನು ಆಡಿ ಕೀರ್ತಿ ಪಡೆದ ಕೌಜಲಗಿ ನಿಂಗಮ್ಮನವರೂ ಅಷ್ಟೇ. ಆಟವು ಗಣಪತಿಯ ಸ್ತುತಿಯಿಂದ ಮೊದಲಾಗುವದು. ಪಾತ್ರವು ಬಂದೊಡನೆ ಭಾಗವತನು ‘ತಾವು ಯಾರು, ಎಲ್ಲಿಂದ ಬಂದಿರಿ’ ಎಂದು ಮಾತಾಡಿಸುವನು. ಪಾತ್ರವು ತನ್ನ ಹೆಸರನ್ನು ತಾನೇ ಹೇಳಿಕೊಳ್ಳುವದು. ಹೊಲಕ್ಕೆ ನೀರು ಹಾಯಿಸಿ ನಡುರಾತ್ರಿಯಲ್ಲಿ ಬಂದು ಕೂತವನಿಗೂ ಚಪ್ಪರವು ಕಾಣುವದು, ದೀಪವು ಕಾಣುವದು, ಮಗ್ಗಲಲ್ಲಿ ಕುಳಿತ ನೆರೆಯವನು ಕಾಣುವನು. ಸತ್ಯಭಾಮೆಯು ಅತ್ತಳೆಂದು ಅವನೂ ಕಣ್ಣೊರಸಿಕೊಳ್ಳುವನು. ಆದರೆ ಅವಳನ್ನು ಸಂತೈಸಲು ರಂಗವನ್ನೇರುವದಿಲ್ಲ. ತಡವಾಗಿ ಬಂದವನಿಗೂ ಆಟವು ತಾನು ಆಟವೆಂಬುದನ್ನು ಪ್ರತಿಕ್ಷಣವೂ ಹೇಳುತ್ತಲೇ ಇರುವದು.

ಈ ಜ್ಞಾನವು ಎಂಥದೆಂಬುದನ್ನು ನಮ್ಮ ಆಲಂಕಾರಿಕರು ಸೂಕ್ಷ್ಮವಾಗಿ ವಿಚಾರಿಸಿದ್ದಾರೆ. ಶ್ರೀಶಂಕುಕನೆಂಬ ಪ್ರಾಚೀನ ವಿದ್ವಾಂಸನ ಮತವನ್ನು ಅಭಿನವಗುಪ್ತನು ತನ್ನ ವ್ಯಾಖ್ಯಾನದಲ್ಲಿ ಎತ್ತಿ ಹೇಳಿ ಅದನ್ನು ಪರೀಕ್ಷಿಸುತ್ತಾನೆ. ಗೋಡೆಯ ಮೇಲಿನ ಕುದುರೆಯ ಚಿತ್ರವನ್ನು ನೋಡಿ ‘ಇದು ಕುದುರೆ’ ಎನ್ನುವೆವು. ಆ ಅರಿವು ನಿಜವಾದ ಜ್ಞಾನವಲ್ಲ, ಭ್ರಾಂತಿಯೂ ಅಲ್ಲ, ಸಂಶಯವೂ ಅಲ್ಲ, ಸಾದೃಶ್ಯಮಾತ್ರವೂ ಅಲ್ಲ. ರಂಗದ ಮೇಲಿನ ರಾಮನೂ ಹಾಗೆಯೇ. ಶಂಕುಕನ ಸಿದ್ಧಾಂತವನ್ನು ಪೂರ್ಣವಾಗಿ ಒಪ್ಪಲಿ ಬಿಡಲಿ, ಈ ದೃಷ್ಟಾಂತದಿಂದ ಒಂದು ಮಾತು ಸ್ಪಷ್ಟವಾಗುವದು: ಚಿತ್ರದ ಕುದುರೆಯು ನಮ್ಮನ್ನು ಮೋಸಗೊಳಿಸದೆ ಇರುವದು ಗೋಡೆಯು ಕಾಣುತ್ತಿರುವದರಿಂದ. ಗೋಡೆಯನ್ನು ಮರೆಮಾಡಿದರೆ ಚಿತ್ರವು ಭ್ರಾಂತಿಯಾಗುವದು. ರೇಡಿಯೊ ನಾಟಕಕ್ಕೆ ಗೋಡೆಯಿಲ್ಲ. ಅದು ನಮ್ಮ ಮನೆಯ ಗೋಡೆಗಳ ಒಳಗೇ ಬಂದು ನುಡಿಯುವದು. ಆದುದರಿಂದ ಅದನ್ನು ಆಡುವವನು ಗೋಡೆಯನ್ನು ಮಾತಿನಿಂದಲೇ ಕಟ್ಟಿಕೊಡಬೇಕು.

‘ಅವನು ಕಟ್ಟಿಕೊಟ್ಟಿದ್ದನಲ್ಲ!’ ಎಂದು ಪೂರ್ವಪಕ್ಷವು ಏಳುವದು. ಅದು ನಿಜವೂ ಹೌದು. ನಾಟಕದ ಆರಂಭದಲ್ಲಿ ಗ್ರಂಥಕಾರನ ಹೆಸರನ್ನೂ ನಾಟಕ ಮಂಡಳಿಯ ಹೆಸರನ್ನೂ ಸಾರಿದ್ದರು. ನಡುವೆ, ಸುಮಾರು ನಲವತ್ತು ನಿಮಿಷಗಳ ಮೇಲೆ, ಮತ್ತೊಮ್ಮೆ ಇದು ನಾಟಕವೆಂದು ಹೇಳಿದರು. ಕೊನೆಗೆ ಆರ್ಸನ್ ವೆಲ್ಸನು ತಾನೇ ವೇಷವನ್ನು ಕಳಚಿ, ಹಬ್ಬದ ದಿವಸ ಬಿಳಿಯ ಬಟ್ಟೆ ಹೊದ್ದು ಹುಡುಗರು ಹೆದರಿಸುವಂಥ ಚೇಷ್ಟೆಯಿದು ಎಂದು ನಕ್ಕನು. ಆದರೆ ಮೊದಲನೆಯ ಮಾತಿಗೂ ಎರಡನೆಯ ಮಾತಿಗೂ ನಡುವೆ ನಲವತ್ತು ನಿಮಿಷಗಳ ದೀರ್ಘವಾದ ಕಂದರವಿತ್ತು. ಕೇಳುಗರಲ್ಲಿ ಅನೇಕರು ಅದೇ ಹೊತ್ತಿಗೆ ಬೇರೊಂದು ಕೇಂದ್ರದ ಹಾಸ್ಯವನ್ನು ಕೇಳುತ್ತಿದ್ದು, ತಡವಾಗಿ ಇತ್ತ ತಿರುಗಿದರು. ಹಿಂದಿನ ತಿಂಗಳಲ್ಲಿಯೇ ಯುರೋಪದಲ್ಲಿ ಯುದ್ಧವು ಇಂದೋ ನಾಳೆಯೋ ಎಂಬಂತಿದ್ದು, ಸಂಗೀತವನ್ನು ತಡೆದು ಸುದ್ದಿ ಹೇಳುವ ಧ್ವನಿಗೆ ಅವರ ಕಿವಿಯು ಒಗ್ಗಿಹೋಗಿತ್ತು.

ಈ ಸಂದರ್ಭದಲ್ಲಿ ಮಹಾಭಾರತದ ದ್ರೋಣಪರ್ವವು ನೆನಪಾಗದೆ ಇರದು. ಅಶ್ವತ್ಥಾಮನು ಹತನಾದನೆಂದು ಧರ್ಮರಾಜನು ಗಟ್ಟಿಯಾಗಿ ನುಡಿದನು. ಅದು ಆನೆಯೆಂಬ ಮಾತನ್ನು ಅಸ್ಫುಟವಾಗಿ ನುಡಿದನು. ಅಕ್ಷರಶಃ ನೋಡಿದರೆ ಅವನು ಸುಳ್ಳಾಡಲಿಲ್ಲ. ಆದರೂ ಅಲ್ಲಿಯ ವರೆಗೆ ಭೂಮಿಯಿಂದ ನಾಲ್ಕು ಅಂಗುಲ ಮೇಲಿದ್ದ ಅವನ ರಥವು ನೆಲಕ್ಕೆ ಇಳಿಯಿತು. ವ್ಯಾಸಮಹರ್ಷಿಯ ತೀರ್ಪು ಬಹಳ ಕಠಿಣವಾದುದು: ಸತ್ಯವನ್ನು ನುಡಿದರೆ ಸಾಲದು, ಅದು ಕೇಳಬೇಕಾದವನಿಗೆ ಕೇಳಿಸಬೇಕು. ಕೇಳಿಸದಂತೆ ನುಡಿದ ಸತ್ಯವು ನುಡಿದವನನ್ನು ರಕ್ಷಿಸುವದಿಲ್ಲ. ಇಲ್ಲಿ ಒಂದು ಭೇದವನ್ನು ಮಾತ್ರ ನ್ಯಾಯವಾಗಿ ಹೇಳಬೇಕು. ಧರ್ಮರಾಜನಿಗೆ ದ್ರೋಣನು ಮೋಸಹೋಗಲೇ ಬೇಕಾಗಿತ್ತು. ವೆಲ್ಸನಿಗೆ ಹಾಗೆ ಬೇಕಾಗಿತ್ತೆಂದು ಹೇಳಲು ಆಧಾರವಿಲ್ಲ. ಆದುದರಿಂದ ಅವನನ್ನು ವಂಚಕನೆನ್ನಲಾಗದು. ಆದರೆ ಅಜಾಗರೂಕನೆನ್ನಬೇಕು.

ಇನ್ನು ಕೆಲವರು ಉದ್ದೇಶವನ್ನು ಮುಂದೆ ಮಾಡುವರು. ಎಚ್. ಜಿ. ವೆಲ್ಸನ ಕಥೆಯಲ್ಲಿ ಉನ್ನತವಾದ ನೀತಿಯುಂಟೆಂಬುದು ನಿರ್ವಿವಾದವು. ಬಿಳಿಯರು ಟಾಸ್ಮೇನಿಯದ ಮೂಲನಿವಾಸಿಗಳನ್ನು ಹೇಗೆ ನಾಶಮಾಡಿದರೆಂಬುದನ್ನು ನೆನಪಿಸಿ, ಮಂಗಳನವರು ಹಾಗೆಯೇ ಮಾಡಿದರೆ ದೂರುವ ಅಧಿಕಾರವು ನಮಗೆಲ್ಲಿಯದು ಎಂದು ಅವನು ಮೊದಲನೆಯ ಅಧ್ಯಾಯದಲ್ಲಿಯೇ ಕೇಳುವನು. ಯಾವ ತೋಪಿಗೂ ಬಗ್ಗದ ಆ ವೈರಿಗಳು ಕಣ್ಣಿಗೆ ಕಾಣದ ಸೂಕ್ಷ್ಮಜಂತುಗಳಿಂದ ಸಾಯುವರು. ಆಳುವವರ ಗರ್ವಕ್ಕೆ ಇದಕ್ಕಿಂತ ಒಳ್ಳೆಯ ಔಷಧವು ವಿರಳ. ಆದರೆ ಔಷಧವು ಒಳ್ಳೆಯದೆಂದು ಅದನ್ನು ನೀರೆಂದು ಹೇಳಿ ಕುಡಿಸುವದು ವೈದ್ಯನಿಗೆ ಸಲ್ಲದು.

ಇಲ್ಲಿಗೆ ನನ್ನ ಸ್ವಂತದ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಮೂವತ್ತು ವರ್ಷಗಳ ಅಧ್ಯಾಪನದಲ್ಲಿ ನಾನು ಈ ಕಥೆಯನ್ನು ಅನೇಕ ಸಲ ಹುಡುಗರಿಗೆ ಹೇಳಿದ್ದೇನೆ. ಇಡೀ ಅಮೇರಿಕೆಯೇ ಬೀದಿಗೆ ಬಿದ್ದು ಓಡಿತು, ಲಕ್ಷಾಂತರ ಜನರು ಊರುಬಿಟ್ಟರು, ಹೆದರಿ ಸತ್ತವರೂ ಉಂಟೆಂದು ವರ್ಣಿಸಿ, ಕೇಳಿದ್ದೆಲ್ಲವನ್ನು ನಂಬಬಾರದೆಂದು ಕೊನೆಗೆ ನೀತಿ ಹೇಳುತ್ತಿದ್ದೆನು. ನಿವೃತ್ತನಾದ ಮೇಲೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, ಈಗ ತಾನೂ ಅಧ್ಯಾಪಕಿಯಾಗಿರುವವಳು, ಮನೆಗೆ ಬಂದಾಗ ಬಹು ಸಂಕೋಚದಿಂದ, ‘ಗುರುಗಳೇ, ತಾವು ಹೇಳಿದ್ದು ಅಷ್ಟು ದೊಡ್ಡ ಪ್ರಮಾಣದಲ್ಲಿ ನಡೆದಿರಲಿಲ್ಲವಂತ್ರೀ’ ಎಂದಳು. ವಿಚಾರಿಸಿ ನೋಡಿದರೆ ಅವಳ ಮಾತೇ ನಿಜ. ಆ ರಾತ್ರಿ ಸುಮಾರು 5000 ಮನೆಗಳಿಗೆ ಟೆಲಿಫೋನು ಮಾಡಿ ಕೇಳಿದಾಗ ನೂರಕ್ಕೆ ಎರಡರಷ್ಟು ಜನರು ಮಾತ್ರ ಈ ನಾಟಕವನ್ನು ಕೇಳುತ್ತಿದ್ದರೆಂದು ಕಂಡುಬಂದಿತ್ತು. ಹೆದರಿದವರು ಇದ್ದರು, ಪೋಲೀಸರಿಗೆ ಟೆಲಿಫೋನು ಮಾಡಿದವರೂ ಇದ್ದರು. ಆದರೆ ದೇಶಕ್ಕೆ ದೇಶವೇ ಓಡಲಿಲ್ಲ. ಹ್ಯಾಡ್ಲಿ ಕ್ಯಾಂಟ್ರಿಲ್ ಎಂಬ ಮನಶ್ಶಾಸ್ತ್ರಜ್ಞನು 1940ರ ತನ್ನ ಗ್ರಂಥದಲ್ಲಿ ಹೆದರಿದವರ ಸಂಖ್ಯೆಯನ್ನು ಹತ್ತು ಲಕ್ಷಕ್ಕೂ ಮಿಕ್ಕಿ ಎಣಿಸಿದ್ದನು. ಅದು ಅತಿಯಾಯಿತೆಂಬುದು ಈಚಿನ ವಿದ್ವಾಂಸರ ಅಭಿಪ್ರಾಯವು. ಮರುದಿವಸ ಅದನ್ನು ಮಹಾಪ್ರಳಯದಂತೆ ಬಣ್ಣಿಸಿದವರು ಪತ್ರಿಕೆಗಳವರು. ಜಾಹೀರಾತಿನ ಹಣವನ್ನು ರೇಡಿಯೊ ತಮ್ಮಿಂದ ಸೆಳೆದುಕೊಳ್ಳುತ್ತಿದ್ದುದರಿಂದ, ಅದು ನಂಬಿಕೆಗೆ ಯೋಗ್ಯವಲ್ಲವೆಂದು ತೋರಿಸುವದು ಅವರಿಗೆ ಬೇಕಾಗಿತ್ತು.

ಈಗ ನೋಡಿರಿ, ವಿಚಿತ್ರವೆಂತಾಯಿತು! ನಾಟಕವಾಡಿದವನು ತಾನು ನಾಟಕವಾಡಿದೆನೆಂದು ಮೂರು ಸಲ ಹೇಳಿದನು. ಸತ್ಯವನ್ನೇ ಬರೆಯುವೆವೆಂದು ಹೊರಟವರು ತಾವು ಬರೆದುದು ಅರ್ಧ ಕಥೆಯೆಂದು ಒಂದು ಸಲವೂ ಹೇಳಲಿಲ್ಲ. ಅವರನ್ನು ನಂಬಿ ನಾನು ನಂಬಿಸಿದೆನು. ಕೇಳಿದ್ದೆಲ್ಲವನ್ನು ನಂಬಬೇಡಿರೆಂಬ ನೀತಿಯನ್ನು ನಾನು ಕೇಳಿ ನಂಬಿದ ಸುಳ್ಳಿನಿಂದಲೇ ಕಲಿಸಿದೆನು! ನ್ಯಾಯಸೂತ್ರದ ಭಾಷ್ಯಕಾರನಾದ ವಾತ್ಸ್ಯಾಯನನು ಆಪ್ತನೆಂದರೆ ಯಾರು ಎಂಬುದಕ್ಕೆ, ವಿಷಯವನ್ನು ಸಾಕ್ಷಾತ್ತಾಗಿ ಅರಿತು, ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯಿಂದ ನುಡಿಯುವವನೆಂದು ಲಕ್ಷಣ ಹೇಳುತ್ತಾನೆ. ಈ ಲಕ್ಷಣವು ಋಷಿಗಳಿಗೂ ಆರ್ಯರಿಗೂ ಮ್ಲೇಚ್ಛರಿಗೂ ಸಮಾನವೆಂದೂ ಸೇರಿಸುತ್ತಾನೆ. ನನ್ನಲ್ಲಿ ತಿಳಿಸಬೇಕೆಂಬ ಇಚ್ಛೆಯಿತ್ತು, ಸಾಕ್ಷಾತ್ತಾದ ಅರಿವಿರಲಿಲ್ಲ. ಆದರೂ ಮಕ್ಕಳು ನನ್ನನ್ನು ಆಪ್ತನೆಂದೇ ಬಗೆದರು.

ಇಷ್ಟರಿಂದ, ಅಮೇರಿಕೆಯಲ್ಲಿ ವಿಶೇಷವೇನೂ ಆಗದಿದ್ದರೆ ಈ ಚರ್ಚೆಯೇ ವ್ಯರ್ಥವೆಂದು ಯಾರೂ ತಿಳಿಯಬಾರದು. 1949ನೆಯ ಇಸವಿಯ ಫೆಬ್ರುವರಿ 12ರ ರಾತ್ರಿ ದಕ್ಷಿಣ ಅಮೇರಿಕೆಯ ಇಕ್ವೆಡಾರ ದೇಶದ ರಾಜಧಾನಿಯಾದ ಕೀಟೋ ಪಟ್ಟಣದಲ್ಲಿ, ಅಲ್ಲಿಯ ‘ರೇಡಿಯೊ ಕೀಟೋ’ ಕೇಂದ್ರವು ಇದೇ ಕಥೆಯನ್ನು ಸ್ಪ್ಯಾನಿಶ ಭಾಷೆಯಲ್ಲಿ, ಅಲ್ಲಿಯವೇ ಊರುಗಳ ಹೆಸರಿಟ್ಟು, ಸುದ್ದಿಯ ರೂಪದಲ್ಲಿ ಆಡಿತು. ಇಲ್ಲಿ ಜನರು ನಿಜವಾಗಿಯೂ ಬೀದಿಗೆ ಓಡಿಬಂದರು. ಇದು ನಾಟಕವೆಂದು ಕೇಂದ್ರದವರು ಗಾಬರಿಯಿಂದ ಹೇಳಿದಾಗ ಭಯವು ಶಾಂತವಾಗದೆ ಕ್ರೋಧವಾಗಿ ತಿರುಗಿತು. ಜನರು ಆ ಕೇಂದ್ರವೂ ‘ಎಲ್ ಕೊಮೆರ್ಸಿಯೊ’ ಎಂಬ ಪತ್ರಿಕೆಯೂ ಇದ್ದ ಕಟ್ಟಡಕ್ಕೆ ಬೆಂಕಿಯಿಟ್ಟರು. ಒಳಗಿದ್ದವರಲ್ಲಿ ಹಲವರು ಮಡಿದರು. ಭಯಪಟ್ಟವನಿಗೆ ‘ಭಯಪಡುವ ಕಾರಣವಿಲ್ಲ’ ಎಂದರೆ ಸಂತೋಷವಾಗಬೇಕಷ್ಟೆ, ಕ್ರೋಧವೇಕೆ? ಯಾಕೆಂದರೆ ಅವನ ಭಯವು ಹೋದರೂ ಅವನ ವಿಶ್ವಾಸವನ್ನು ಕದ್ದವರು ಅಲ್ಲಿಯೇ ಇದ್ದರು. ಬೆಂಕಿಯಿಟ್ಟದ್ದು ಘೋರವಾದ ಪಾಪವು, ಅದಕ್ಕೆ ಸಮರ್ಥನೆಯಿಲ್ಲ. ಆದರೆ ಆ ಕ್ರೋಧಕ್ಕೆ ಕಾರಣವೇ ಇರಲಿಲ್ಲವೆಂದು ನಾನು ಹೇಳಲಾರೆನು.

ಹೇಳಲಾರದಿರುವದಕ್ಕೆ ನಮ್ಮ ಊರಿನ ಒಂದು ಅನುಭವವು ಕಾರಣವು. 2019ರ ಆಗಸ್ಟ ತಿಂಗಳಲ್ಲಿ ಘಟಪ್ರಭೆಗೆ ಮಹಾಪೂರ ಬಂದಾಗ ಒಂದು ರಾತ್ರಿ ನಮ್ಮ ಓಣಿಯ ಮೊಬೈಲುಗಳಿಗೆ ಒಂದು ಧ್ವನಿಸಂದೇಶವು ಬಂದಿತು. ಹಿಡಕಲ್ಲಿನ ಅಣೆಕಟ್ಟು ಒಡೆದಿದೆಯೆಂದು ಅಧಿಕಾರಿಯ ಗತ್ತಿನಿಂದ ಯಾರೋ ಹೇಳುತ್ತಿದ್ದರು. ನಾನು ಅದನ್ನು ಕೇಳಿದೆನು. ವಿಚಾರಿಸದೆ ಲಾಂದ್ರವನ್ನು ಹಿಡಿದು ನಾಲ್ಕು ಮನೆಗಳ ಬಾಗಿಲು ಬಡಿದೆನು. ‘ಮಾಸ್ತರು ಹೇಳ್ಯಾರಂದ ಮ್ಯಾಲ ಖರೇನ ಇರಬೇಕು’ ಎಂದು ಜನರು ಕೂಸುಗಳನ್ನೆತ್ತಿಕೊಂಡು ಆ ಮಳೆಯಲ್ಲಿಯೇ ದಿನ್ನೆಗೆ ಹೋದರು. ಬೆಳಗಾದ ಮೇಲೆ ಅದು ಸುಳ್ಳೆಂದು ತಿಳಿಯಿತು. ಯಾರೂ ನನ್ನನ್ನು ಬೈಯಲಿಲ್ಲ. ಮರುದಿವಸ ಸಂಜೆಗೆ ನೀರು ನಿಜವಾಗಿಯೇ ಏರಹತ್ತಿತು. ಮನೆ ಬಿಡಬೇಕೆಂಬ ನಿಜವಾದ ಸೂಚನೆಯೂ ಬಂದಿತು. ತಗ್ಗಿನ ಮನೆಯ ಮುದುಕಿಯೊಬ್ಬಳಿಗೆ ಹೇಳಹೋದೆನು. ‘ನಿನ್ನೇನೂ ಹಿಂಗ ಅಂದಿದ್ರೆಲ್ಲರೀ ಮಾಸ್ತರ’ ಎಂದು ನಕ್ಕು ಅವಳು ಒಲೆಯ ಮುಂದಿನಿಂದ ಏಳಲಿಲ್ಲ. ನಡುರಾತ್ರಿಯಲ್ಲಿ ಎದೆಯುದ್ದದ ನೀರಿನಲ್ಲಿ ಓಣಿಯ ತರುಣರು ಅವಳನ್ನು ಹೊತ್ತು ತಂದರು. ಅವಳು ಉಳಿದಳು, ಗೂಟಕ್ಕೆ ಕಟ್ಟಿದ್ದ ಅವಳ ಎರಡು ಆಡುಗಳು ಉಳಿಯಲಿಲ್ಲ. ಸುಳ್ಳಿನ ಹಾನಿಯು ಸುಳ್ಳಾಡಿದ ದಿವಸ ಕಾಣುವದಿಲ್ಲ. ಸತ್ಯವನ್ನು ಹೇಳಬೇಕಾದ ದಿವಸ ಅದು ಕಾಣುವದು.

ಆದುದರಿಂದ ಆರಂಭದ ಪ್ರಶ್ನೆಗೆ ನನಗೆ ತೋಚುವ ಉತ್ತರವು ಇಷ್ಟೇ. ಕಥೆಯು ವಸ್ತುಸ್ಥಿತಿಗೆ ವಿರುದ್ಧವಾಗಿರುವದರಿಂದ ಅನೃತವಾಗುವದಿಲ್ಲ. ಅದಕ್ಕೆ ಆ ಅಧಿಕಾರವುಂಟು. ಆಪ್ತನ ಧ್ವನಿಯನ್ನು ಸಾಲವಾಗಿ ತಂದು, ಅದು ಸಾಲದ್ದೆಂಬುದನ್ನು ಕೇಳುಗನಿಗೆ ತಿಳಿಸದೆ ಇದ್ದಾಗ ಅದು ಅನೃತವಾಗುವದು. ಆ ಧ್ವನಿಯ ಮೇಲಿನ ವಿಶ್ವಾಸವು ನಾಟಕಕಾರನ ಸಂಪಾದನೆಯಲ್ಲ. ಹಿಂಡೆನ್‌ಬರ್ಗದ ಬೆಂಕಿಯ ಮುಂದೆ ನಿಂತು ಅತ್ತ ಸುದ್ದಿಗಾರನದು ಅದು. ದಿನಾಲು ಹೊತ್ತಿಗೆ ಸರಿಯಾಗಿ ಕಂಡದ್ದನ್ನು ಕಂಡಂತೆ ಹೇಳಿದ ಸಾವಿರಾರು ಪ್ರಾಮಾಣಿಕರದು. ಸಾಲ ತಂದವನು ಅದನ್ನು ಕೆಡಿಸದೆ ಹಿಂದಿರುಗಿಸಬೇಕು.

‘ಹಾಗಾದರೆ ಮೂರ್ಖನಾದ ಕೇಳುಗನಿಗೆ ಹೆದರಿ ಕಲಾವಿದನು ಬಾಯಿ ಮುಚ್ಚಬೇಕೋ?’ ಎಂದು ಕೇಳಿದರೆ, ಬೇಡವೆಂದೇ ನನ್ನ ಉತ್ತರವು. ತಡವಾಗಿ ಬಂದವನು ಮೂರ್ಖನಲ್ಲ. ಪಾರಿಜಾತದ ಭಾಗವತನು ಅವನಿಗಾಗಿಯೇ ಪ್ರತಿಯೊಂದು ಪಾತ್ರವನ್ನೂ ಮಾತಾಡಿಸುವನು; ಅದರಿಂದ ಆಟದ ರಸವು ಕೆಟ್ಟದ್ದನ್ನು ನಾನಂತೂ ಕಂಡಿಲ್ಲ. ಕೇಳುಗನಿಗೂ ಕರ್ತವ್ಯವುಂಟು. ವೇದಾಂತಿಗಳು ಶ್ರವಣವಾದ ಮೇಲೆ ಮನನವನ್ನು ಹೇಳಿರುವರಷ್ಟೆ. ಆ ರಾತ್ರಿ ಅಮೇರಿಕೆಯಲ್ಲಿ ಪತ್ರಿಕೆಯಲ್ಲಿ ಅಚ್ಚಾಗಿದ್ದ ಕಾರ್ಯಕ್ರಮದ ಪಟ್ಟಿಯನ್ನು ತೆಗೆದು ನೋಡಿದವರೂ, ಬೇರೆ ಕೇಂದ್ರಕ್ಕೆ ತಿರುಗಿಸಿ ಕೇಳಿದವರೂ ಇದ್ದರು. ಅವರು ಸುಖವಾಗಿ ನಿದ್ರೆಹೋದರು. ಇಂದು ಯಾರದೇ ಧ್ವನಿಯನ್ನು ಯಂತ್ರವು ತದ್ರೂಪವಾಗಿ ನುಡಿಯಬಲ್ಲ ಕಾಲವು ಬಂದಿರುವದರಿಂದ, ಆ ಮನನದ ಅಭ್ಯಾಸವು ಪ್ರತಿಯೊಂದು ಮನೆಗೂ ಅವಶ್ಯವಾಗಿದೆ. ಆದರೆ ಇಬ್ಬರ ಕರ್ತವ್ಯಗಳಲ್ಲಿ ನುಡಿಯುವವನದೇ ಮೊದಲಿನದು. ಯಾಕೆಂದರೆ ಗೋಡೆಯೆಲ್ಲಿದೆಯೆಂಬುದು ಅವನಿಗೆ ಗೊತ್ತು.

ಆ ಮುದುಕಿಯು ಈಗಲೂ ಓಣಿಯಲ್ಲಿ ಸಿಕ್ಕರೆ ‘ಆರಾಮ ಇದ್ದೀರೇನ್ರಿ ಮಾಸ್ತರ’ ಎಂದು ಕೇಳುವಳು. ಮಳೆಗಾಲದಲ್ಲಿ ಮಾತ್ರ, ನಾನು ಏನಾದರೂ ಸುದ್ದಿ ಹೇಳಿದರೆ, ‘ಯಾರು ಅಂದ್ರು?’ ಎಂದು ಒಂದು ಮಾತು ಹೆಚ್ಚಿಗೆ ಕೇಳುವಳು. ಅವಳಿಗೆ ಸರಿಯಾದ ಉತ್ತರ ಕೊಡುವ ವರೆಗೆ ನಾನು ಈಗ ಮುಂದಿನ ಬಾಗಿಲನ್ನು ಬಡಿಯುವದಿಲ್ಲ.